ಕುಡಿಯದವನ ತಲೆ

೧೮-೬-೧೯೫೧, ಸೋಮವಾರ. ಕುರುಗೋಡು

ಇವತ್ತೂ ಅಂಬಲಿ ಗೋಡೆಗೆ. ಬಾಯಿಗೆ ಚಮಚ ಹಿಡಿದರೆ ಚಿದಾನಂದನ ತಲೆ ಆ ಕಡೆ ಹೋಗುತ್ತದೆ, ಕೈ ಈ ಕಡೆ ಹಾರುತ್ತದೆ. ಬೇಡವೆಂದಲ್ಲ, ಹಸಿವಿದೆ. ಮೈ ಮಾತು ಕೇಳುವುದಿಲ್ಲ. ನಲವತ್ತು ದಾಟಿದ ಮಗನ ಎದೆಗೆ ಟವಲು ಕಟ್ಟಿ ಉಣಿಸುತ್ತಿದ್ದೇನೆ. ಅವನ ಮಗಳು ಪಾರಿ ಹಿಂದಿನಿಂದ ತಲೆ ಹಿಡಿದಿದ್ದಳು. ತಾಯಿಯಿಲ್ಲದ ಹುಡುಗಿ, ತಂದೆಗೆ ತಾನೇ ತಾಯಿಯಾಗಿದ್ದಾಳೆ.

ಅದೇ ಹೊತ್ತಿಗೆ ಮೈದುನ ಗಾದೆಪ್ಪನ ಸವಾರಿ. ಹೊಸ್ತಿಲ ಮೇಲೇ ನಿಂತ.

"ಏನ್ ಅತ್ತಿಗಿ, ಮುಂಜಾನಿಗೇ ಏರಿಸ್ಯಾನ?"

"ಬಾ, ಮೂಸಿ ನೋಡು. ಊರವರ ಒಲೀತನಕ ಹೋಗೋ ಮೂಗು ನಿಂದು, ಇಲ್ಯಾಕ ನಾಚತೈತಿ?"

ಮೂಸಲಿಲ್ಲ. ಮೂಸಿದರೆ ಊರಿಗೆ ಹೇಳಲು ಏನೂ ಉಳಿಯುವುದಿಲ್ಲವಲ್ಲ.

ಒಂದು ಹನಿ ಮುಟ್ಟಿದವನಲ್ಲ ನನ್ನ ಮಗ. ಸಿರುಗುಪ್ಪದ ಭತ್ತದ ಗಿರಣಿಯಲ್ಲಿ ತೂಕದ ಗುಮಾಸ್ತ. ಕೈ ಅಲುಗಿ ತೂಕದ ಕಲ್ಲು ಒಬ್ಬನ ಕಾಲ ಮೇಲೆ ಬಿತ್ತು. "ಕುಡುಕನ ಕೈಯಾಗ ತಕ್ಕಡಿ ಕೊಡಂಗಿಲ್ಲ" ಎಂದು ಸಾಹುಕಾರ ಓಡಿಸಿದ. ಆಮೇಲೆ ಊರಿಗೆಲ್ಲ ಅದೇ ಹೆಸರು. ಕುಡುಕ ಚಿದಾನಂದ. ಉಪ್ಪು ತರಲು ಹೋದರೂ ನಾನು ಕುಡುಕನ ತಾಯಿ.

೨-೭-೧೯೫೧, ಸೋಮವಾರ. ಬಳ್ಳಾರಿ, ಆಸ್ಪತ್ರೆಯ ಜಗಲಿ

ನಾನು ನೀರಿಗೆ ಹೋದಾಗ ಚಿದಾನಂದ ತಪ್ಪಿಸಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದ್ದಾನೆ. ಗಿರಣಿಯ ಮುಂದೆ ನಿಂತು ಕೆಲಸ ಕೇಳಲು. ತೂರಾಡುವುದನ್ನು ಕಂಡು ಪೊಲೀಸರು ಹಿಡಿದರು. ಸರಕಾರ ಹೆಂಡ ಸೇಂದಿ ಬಂದ್ ಮಾಡಿದಾಗಿನಿಂದ ಕಾಲು ಜಾರಿದವರೂ ಅವರಿಗೆ ಕುಡುಕರೇ. ಬಾಯಿ ಮೂಸಿಸಲು ಇಲ್ಲಿಗೆ ತಂದರು. ಸುದ್ದಿ ಕೇಳಿ ನಾನು ಓಡಿ ಬಂದೆ. ಕೈಗೆ ಬೇಡಿ. ಬೇಡಿ ಹಾಕಿದ ಕೈಯೂ ಕುಣಿಯುತ್ತಿತ್ತು, ಗಲ್ ಗಲ್ ಎಂದು ಸದ್ದು.

ಚಂದ್ರಣ್ಣ ಎಂಬ ಡಾಕ್ಟರು. ಹರೆಯದವ, ಸಿರುಗುಪ್ಪದ ಕಡೆಯವನೇ. ಮೂಸಿದ. ಅಷ್ಟಕ್ಕೇ ಬಿಡಲಿಲ್ಲ. ನಾಲಿಗೆ ಹೊರಗೆ ಚಾಚಿ ಹಾಗೇ ಹಿಡಿ ಎಂದ. ಚಿದಾನಂದನ ನಾಲಿಗೆ ಹಲ್ಲಿಯ ಹಾಗೆ ಒಳಗೆ ಓಡಿತು. ಮತ್ತೆ ಚಾಚಿದ, ಮತ್ತೆ ಓಡಿತು.

"ಇವರ ಅಪ್ಪಗೂ ಹಿಂಗ ಇತ್ತೇನವ್ವಾ?"

ಇತ್ತು. ನನ್ನ ಗಂಡನ ಮೈ ಕುಣಿಯಲು ಶುರುವಾದಾಗ ದೇವಿ ಬಂದಿದ್ದಾಳೆ ಎಂದು ಊರು ಅವನ ಮುಂದೆ ಕಾಯಿ ಒಡೆಯಿತು. ಬಾವಿಗೆ ಬಿದ್ದು ಸತ್ತಾಗ ದೇವಿ ಕರೆದುಕೊಂಡಳು ಎಂದಿತು. ಅಪ್ಪ ಕುಣಿದರೆ ಕಾಯಿ, ಮಗ ಕುಣಿದರೆ ಬೇಡಿ. ಅದೇ ಜನ, ಅದೇ ಕಣ್ಣು.

"ಕುಡಿದಿಲ್ಲ ಅಂತ ಪೊಲೀಸರಿಗೆ ಹೇಳ್ತೀನಿ," ಎಂದ ಡಾಕ್ಟರು. "ಇದು ಮೆದುಳಿನ ಜಡ್ಡು ಅನ್ನಿಸ್ತೈತಿ. ಪಕ್ಕಾ ಹೇಳಬೇಕಂದ್ರ ಮೆದುಳು ನೋಡಬೇಕು."

"ನೋಡು ಮತ್ತ. ಬ್ಯಾಡ ಅಂದೋರ್ಯಾರು?"

"ಬದುಕಿದ್ದಾಗ ಆಗಂಗಿಲ್ಲವ್ವಾ. ತೀರಿಹೋದ ಮ್ಯಾಲೆ…"

ತಲೆ ತೆರೆದು, ಮೆದುಳನ್ನು ಔಷಧದ ನೀರಿನಲ್ಲಿ ನೆನೆಹಾಕಿ ಮದ್ರಾಸಿಗೆ ಕಳಿಸುತ್ತಾರಂತೆ. ಅಲ್ಲಿ ದೊಡ್ಡ ಡಾಕ್ಟರು ಅದನ್ನು ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ, ಭೂತಗನ್ನಡಿಯ ಕೆಳಗಿಟ್ಟು ನೋಡುತ್ತಾರಂತೆ. ಇದನ್ನು ಬದುಕಿರುವ ಮಗನ ಎದುರಿಗೇ ಹೇಳಿದ!

"ಸಂತ್ಯಾಗ ಕುಂಬಳಕಾಯಿ ಕೇಳಿದಂಗ ಕೇಳ್ತೀಯಲ್ಲಲೇ ತಮ್ಮಾ! ಹೋಗು, ನಿಮ್ಮವ್ವನ್ನ ಕೇಳು, ನಿನ್ನ ತಲಿ ಕೊಡ್ತಾಳೇನು ಅಂತ."

ಅವನು ಸಿಟ್ಟಾಗಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಆಗ ಬೆಂಚಿನ ಮೇಲಿಂದ ಚಿದಾನಂದ… ಮಾತು ಹೊರಡಲು ಎಷ್ಟೋ ಹೊತ್ತು. "ಕೊ… ಕೊಡು."

೪-೭-೧೯೫೧, ಬುಧವಾರ. ಕುರುಗೋಡು

ಮಾತು ಬಿಟ್ಟಿದ್ದೇನೆ ಅವನೊಂದಿಗೆ. ಉಣಿಸುತ್ತೇನೆ, ತೊಳೆಯುತ್ತೇನೆ, ಮಾತಿಲ್ಲ.

ಸಂಜೆ ಅವನೇ ಶುರುಮಾಡಿದ. "ಸತ್ತ ಮ್ಯಾಲರ… ಗೊತ್ತಾಗ್ಲಿ… ಕುಡಕ ಅಲ್ಲ ಅಂತ."

"ಯಾರಿಗಲೇ ಗೊತ್ತಾಗಬೇಕು? ಆ ಗಿರಣಿ ಸಾಹುಕಾರಗ? ನಿಮ್ಮ ಕಾಕಗ? ಅವರು ನಂಬಲಿ ಅಂತ ನೀ ತಲಿ ಒಡಸ್ಕೊಂತೀಯಾ?"

"ಪಾರಿಗೆ," ಎಂದ.

ಪಾರಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು. ಕೇಳಿಸಿಕೊಂಡಳು ಕತ್ತೆ.

ಇಲ್ಲ. ಹಡೆದಾಗ ಇಷ್ಟಗಲ ಇತ್ತು ಆ ತಲೆ. ನೆತ್ತಿ ಇನ್ನೂ ಕೂಡಿರಲಿಲ್ಲ, ಕೈಯಿಟ್ಟರೆ ಮೆತ್ತಗೆ ಬಡಿದುಕೊಳ್ಳುತ್ತಿತ್ತು. ಎಣ್ಣೆ ಒತ್ತಿ ಒತ್ತಿ ಕೂಡಿಸಿದವಳು ನಾನು. ಅದನ್ನು ಇನ್ನೊಬ್ಬ ಬಿಚ್ಚಬೇಕಂತೆ.

೫-೧೦-೧೯೫೧, ಶುಕ್ರವಾರ

ಗಂಟಲಲ್ಲಿ ಅನ್ನ ಸಿಕ್ಕಿ ನೀಲಿಯಾಗಿದ್ದ. ಬೆನ್ನಿಗೆ ಗುದ್ದಿದೆ. ಉಸಿರು ಬಂತು.

ಉಸಿರು ಬಂದ ಕೂಡಲೇ ನನ್ನ ಕೈ ಎಳೆದು ಕೊರಳಿನ ಲಿಂಗದ ಮೇಲೆ ಇಟ್ಟುಕೊಂಡ. ಏನು ಕೇಳುತ್ತಿದ್ದಾನೆಂದು ಗೊತ್ತಿತ್ತು.

ಹೂಂ ಅಂದೆ. ಹಾಳಾಗಿ ಹೋಗಲಿ, ಹೂಂ ಅಂದೆ.

೧೩-೨-೧೯೫೨, ಬುಧವಾರ

ನಿನ್ನೆ ಮಣ್ಣು ಮಾಡಿದೆವು. ಇವತ್ತು ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಪ್ರಾಣ ಹೋದದ್ದು ಬಳ್ಳಾರಿ ಆಸ್ಪತ್ರೆಯಲ್ಲಿ. ಚಂದ್ರಣ್ಣ ಡಾಕ್ಟರು ಬಂದು ಸುಮ್ಮನೆ ನಿಂತ. ಈ ಸಲ ಕೇಳಲಿಲ್ಲ. "ತಗೊಂಡು ಸಾಯಿ," ಎಂದೆ ನಾನೇ. ತಲೆ ತೆರೆಯುವ ಕೋಣೆಯ ಬಾಗಿಲ ಹೊರಗೆ ಪಾರಿಯೂ ನಾನೂ ಕುಳಿತೆವು. ಹೊರಗೆ ತಂದಾಗ ಮಗನ ತಲೆಗೆ ಚೆಂದಾಗಿ ರುಮಾಲು ಕಟ್ಟಿದ್ದರು. ಮುಖ ನೆಟ್ಟಗಿತ್ತು. ಕೈಕಾಲು ನೆಟ್ಟಗಿದ್ದವು. ಎಷ್ಟು ವರ್ಷವಾಗಿತ್ತೋ ಅವನನ್ನು ಅಲುಗದೆ ನೋಡಿ.

ಊರಿಗೆ ತಂದವನು ದಾವಲಸಾಬ್, ಅದೇ ಗಿರಣಿಯ ಲಾರಿಯ ಡ್ರೈವರು. "ಸಾಹುಕಾರಗ ಗೊತ್ತಾದ್ರ ನಿನ್ನ ಕೆಲಸ ಹೋಗತೈತಲೋ," ಎಂದೆ. "ನಮ್ಮ ಗುಮಾಸ್ತರವ್ವಾ. ಹೋದ್ರ ಹೋಗಲಿ," ಎಂದ. ಊರ ತುಂಬ ಇದ್ದ ನಮ್ಮ ಮಂದಿಯಲ್ಲಿ ಒಬ್ಬನ ಬಾಯಲ್ಲೂ ಈ ಮಾತು ಬರಲಿಲ್ಲ.

ಮೈ ತೊಳೆಯುವಾಗ ಗಾದೆಪ್ಪ ರುಮಾಲು ಬಿಚ್ಚಿದ. ಕಿವಿಯಿಂದ ಕಿವಿಗೆ ಹೊಲಿಗೆ. ಕೂಗಿಕೊಂಡ. ಅಷ್ಟೇ, ಅಂಗಳ ಖಾಲಿ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು ಕೂರಿಸಿದ್ದೆವು. ಇನ್ನು ಮಠದ ಅಯ್ಯನವರು ತಲೆಯ ಮೇಲೆ ಬಲಪಾದ ಇಡಬೇಕು. ಅದಾದ ಮೇಲೇ ಹೆಣ ಮೇಲೇಳುವುದು. ಅಯ್ಯ ಹಿಂದೆ ಸರಿದ.

"ಟೊಳ್ಳು ಮಾಡಿದ ತಲಿ ಇದು. ಒಳಗ ಏನೂ ಇಲ್ಲ. ಬರೀ ಬುರಡಿ ಮ್ಯಾಲೆ ಪಾದ ಇಡಂಗಿಲ್ಲ ನಾ."

"ಒಳಗ ಇದ್ದ ತಲಿ ಬಾಳ ಅದಾವೇನ್ರಿ ಈ ಊರಾಗ? ಎಷ್ಟು ಬುರಡಿ ಮ್ಯಾಲೆ ಇಟ್ಟೀರಿ ಇಲ್ಲೀತನಕ!"

ಗಾದೆಪ್ಪ ನಡುವೆ ಬಂದ. "ಅತ್ತಿಗಿ, ಕಾಲು ಹಿಡಕೊಂಡು ಕೇಳು. ಪಾದ ಇಲ್ಲಂದ್ರ ಅವಗ ದಾರಿ ಇಲ್ಲ."

ಕಾಲು ಹಿಡಿಯಬೇಕಂತೆ. ತೊಳೆದೆ ಕಾಲು, ನನ್ನದೇ. ಚೆಂಬು ಬಗ್ಗಿಸಿ ಬಲಗಾಲು ತೊಳೆದುಕೊಂಡೆ. ಪಾರಿಯ ಭುಜ ಹಿಡಿದೆ. ಮಂಡಿ ಮೇಲೇಳಲಿಲ್ಲ. ಈ ದರಿದ್ರ ಮಂಡಿ. ಪಾರಿ ಬಗ್ಗಿ ನನ್ನ ಮೀನಖಂಡ ಹಿಡಿದು ಎತ್ತಿದಳು. ಇಟ್ಟೆ. ನನ್ನ ಮಗನ ತಲೆಯ ಮೇಲೆ ನನ್ನ ಪಾದ. ಹೊಲಿಗೆ ಅಂಗಾಲಿಗೆ ಒರಟಾಗಿ ತಾಗಿತು.

ಅಯ್ಯ ಕಣ್ಣು ಮುಚ್ಚಿಕೊಂಡ. ಗಾದೆಪ್ಪ ಬಾಯಿ ಮುಚ್ಚಿಕೊಂಡ, ಹುಟ್ಟಿದಾಗಿನಿಂದ ಮೊದಲ ಸಲ.

ಹೊತ್ತವರು ದಾವಲಸಾಬ್ ಮತ್ತು ಆಸ್ಪತ್ರೆಯಿಂದ ಹಿಂದೆಯೇ ಬಂದಿದ್ದ ಡಾಕ್ಟರು. ಆಮೇಲೆ ನಾಚಿಕೆಯಾಗಿ ನಾಲ್ಕು ಜನ ನಮ್ಮವರು.

೧೦-೬-೧೯೫೨, ಮಂಗಳವಾರ. ಬಳ್ಳಾರಿ

ಮದ್ರಾಸಿನಿಂದ ಉತ್ತರ ಬಂತು. ಪಾರಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳ ಅಪ್ಪ ಕುಡುಕನಲ್ಲವೆಂದು ಅವಳ ಕಿವಿಗೇ ಬೀಳಲಿ ಎಂದು. ಬುದ್ಧಿಗೇಡಿ ನಾನು.

"ಕುಡಿತ ಅಲ್ಲವ್ವಾ," ಎಂದ ಡಾಕ್ಟರು. "ಮೆದುಳಿನ ನಡುವ ಉಬ್ಬಿರಬೇಕಾದ ಒಂದು ಭಾಗ ತಗ್ಗಾಗಿ ಹೋಗೈತಿ. ಮೈ ಅಂಕೆಯಾಗ ಇರಬೇಕಂದ್ರ ಅದು ಬೇಕು. ದೇವಿನೂ ಅಲ್ಲ, ಹೆಂಡನೂ ಅಲ್ಲ. ಜಡ್ಡು."

ಎದೆ ಉಬ್ಬಿತು. ಎದ್ದು ನಿಂತೆ, ಊರಿಗೆ ಓಡಿ ಒಬ್ಬೊಬ್ಬರ ಮುಖಕ್ಕೂ ಉಗಿಯಲು.

"ಕುಂದ್ರವ್ವಾ. ಇನ್ನೊಂದೈತಿ. ಇದು ರಕ್ತದಾಗ ಬರತೈತಿ. ಅಪ್ಪಗಿದ್ರ ಮಕ್ಕಳಿಗೆ ಬರಬೌದು, ಬರದೇ ಇರಬೌದು. ಎರಡೂ ಸರಿಸಮ."

ಪಾರಿ ಕೇಳಿದಳು. "ನನಗ?"

"ಈಗ ಹೇಳಾಕ ಬರಂಗಿಲ್ಲ ತಂಗೀ. ನಿಮ್ಮಪ್ಪನ ವಯಸ್ಸಿಗೆ…"

"ಔಷಧ?" ನಾನು ಕೇಳಿದೆ.

ಇಲ್ಲ.

"ಔಷಧ ಇಲ್ಲ, ಮುಂದಿಂದು ಗೊತ್ತಿಲ್ಲ. ಮತ್ಯಾಕ ಬಿಚ್ಚಿದಿರಲೇ ನನ್ನ ಮಗನ ತಲಿ? ಈ ಕೂಸಿನ ನಿದ್ದಿ ತಿನ್ನಾಕ?" ಮೇಜಿನ ಮೇಲಿನ ಮಸಿಕುಡಿಕೆ ಬಿತ್ತು. ನಾನು ಬೀಳಿಸಿದೆನೋ ಅದೇ ಬಿತ್ತೋ. ಡಾಕ್ಟರು ಒರೆಸುತ್ತ ಕುಳಿತ.

೧೪-೬-೧೯೫೨, ಶನಿವಾರ. ಕುರುಗೋಡು

ಹೇಳಿದೆ. ಕಟ್ಟೆಯ ಮೇಲೆ ಎಲ್ಲರೂ ಇದ್ದಾಗ, ಗಾದೆಪ್ಪನ ಎದುರಿಗೆ ನಿಂತು. "ನನ್ನ ಮಗ ಕುಡಕ ಅಲ್ಲ. ಮದ್ರಾಸಿನವರು ಒಳಗ ನೋಡಿ ಹೇಳ್ಯಾರ. ನಿಮ್ಮ ಮನಿ ರಕ್ತದಾಗ ಐತಂತ ಜಡ್ಡು."

ಇಷ್ಟು ವರ್ಷ ಕಾದಿದ್ದೆ ಈ ಗಳಿಗೆಗೆ.

ಗಾದೆಪ್ಪ ಜಗಳಕ್ಕೆ ಬರಲಿಲ್ಲ. ತನ್ನ ಕೈ ನೋಡಿಕೊಂಡ. ಆಮೇಲೆ ಎರಡೂ ಕೈ ಧೋತರದೊಳಗೆ ಸೇರಿಸಿದ. ಅವನ ಮಕ್ಕಳು ಎದುರಿಗೇ ಚೌಕಾಬಾರ ಆಡುತ್ತಿದ್ದರು. ಒಬ್ಬೊಬ್ಬರ ಕೈಯನ್ನೂ ನೋಡಿದ.

ಉಗಿಯಬೇಕೆಂದು ಬಾಯಲ್ಲಿ ತುಂಬಿಕೊಂಡಿದ್ದೆ. ನುಂಗಿದೆ. ಅದಕ್ಕೂ ಸಿಟ್ಟು.

೮-೯-೧೯೫೨, ಸೋಮವಾರ. ಬಳ್ಳಾರಿ

ಔಷಧ ಬಂತಾ ಎಂದು ಕೇಳಲು ಹೋಗಿದ್ದೆ. ಬಂದಿರುವುದಿಲ್ಲವೆಂದು ಗೊತ್ತು. ಬೈದು ಬರಲು ಹೋಗಿದ್ದೆ.

ಡಾಕ್ಟರು ಬೈಸಿಕೊಂಡ. ಚಹಾ ತರಿಸಿದ. ಮದ್ರಾಸಿನವರು ಕೆಲಸ ಬಿಟ್ಟಿಲ್ಲವಂತೆ. ಆದರೆ ಒಂದು ತೊಡಕು. "ಜಡ್ಡಿನ ಮೆದುಳು ಸಿಗ್ತಾವವ್ವಾ. ಪಕ್ಕಕ್ಕಿಟ್ಟು ತಾಳೆ ನೋಡಾಕ ನೆಟ್ಟಗಿದ್ದ ಮೆದುಳು ಬೇಕು. ಅದನ್ನ ಯಾರೂ ಕೊಡಂಗಿಲ್ಲ."

"ಯಾಕ ಕೊಡ್ತಾರ? ಬುರಡಿ ಅಂತ ಅನ್ನಿಸ್ಕೊಳ್ಳಾಕ?"

ಚಹಾ ಮುಗಿಯಿತು. ಎದ್ದೆ. ಬಾಗಿಲಿನವರೆಗೆ ಹೋದೆ. ತಿರುಗಿ ಬಂದೆ.

"ನಾ ಆ ಮನಿಗೆ ಹೊರಗಿನಿಂದ ಬಂದಾಕಿ. ಅವರ ರಕ್ತ ನಂದಲ್ಲ. ನಂದು ತಗೋರಿ. ನನ್ನ ಮಗಂದರ ಪಕ್ಕಕ್ಕ ಇಡ್ರಿ. ಈ ಮುದುಕಿ ಬೈಗುಳ ಎಲ್ಲಿ ಇಟ್ಟಿದ್ಲು ಅಂತ ಅದನ್ನೂ ಹುಡುಕ್ರಿ, ಬಿಡಬ್ಯಾಡ್ರಿ."

ನಕ್ಕ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ಅಳಬ್ಯಾಡಲೇ, ಈಗೇನು ಹೊಂಟಿಲ್ಲ ನಾ."

೧೧-೯-೧೯೫೨, ಗುರುವಾರ. ಕುರುಗೋಡು

ಪಾರಿಗೆ ಹೇಳಿದೆ. "ಅಯ್ಯ ಇಡಂಗಿಲ್ಲ. ನೀನ ಇಡಬೇಕು ಪಾದ."

"ಬಿಡು ಅಜ್ಜಿ, ಏನರ ಮಾತಾಡ್ತಿ."

"ಆವತ್ತು ನನ್ನ ಕಾಲು ಎತ್ತಿದಾಕಿ ನೀನಲ್ಲೇನು? ಈಗ ಒಮ್ಮಿ ಇಟ್ಟು ತೋರ್ಸು. ಆಮ್ಯಾಲೆ ನಾಲ್ಕು ಮಂದಿ ಮುಂದ ನೀ ಹೆದರಿದ್ರ ಹೆಂಗ ಬೈಲಿ, ಬಾಯಿನೂ ಇರಂಗಿಲ್ಲ."

ಅತ್ತಳು. ಬೈದೆ. ನಕ್ಕಳು. ಮತ್ತೆ ಬೈದೆ. ಅವಳ ಅಪ್ಪನನ್ನು ಕೂರಿಸಿದ್ದ ಜಾಗದಲ್ಲೇ ಗೋಡೆಗೆ ಒರಗಿ ಕುಳಿತೆ. ಕಾಲು ತೊಳೆದುಕೊಂಡು ಬಂದಳು. ಕಂಬ ಹಿಡಿದಳು. ಇಟ್ಟಳು.

ಹಗುರ. ನೀರು ನನ್ನ ಹಣೆಗೆ ಇಳಿಯಿತು. ಕಣ್ಣು ಮುಚ್ಚಿ, ಉಸಿರು ಹಿಡಿದು, ಅದೊಂದನ್ನೇ ನೋಡಿದೆ. ನೆತ್ತಿಯಿಂದಲೇ ನೋಡಿದೆ. ಆ ಕಾಲು ಅಲುಗುತ್ತದೆಯೋ ಎಂದು.

"ಸಾಕಾ ಅಜ್ಜಿ?"

"ಇನ್ನಷ್ಟು ಹೊತ್ತು ಇಡು."

ಅಲುಗಲಿಲ್ಲ. ಅಲುಗಿದ್ದರೆ ನನ್ನ ತಲೆಯೇ ಇರಬೇಕು, ವಯಸ್ಸಾಗಿದೆ, ಅವಳ ಕಾಲಲ್ಲ, ಅವಳು ಕಂಬ ಬಿಟ್ಟಾಗ ಮಾತ್ರ ಒಂದು ಸಲ ಅಲುಗಿದ ಹಾಗೆ…