ಸಹಿಯಿಲ್ಲದೆ ಮರಳಿದ ಅರ್ಜಿ

ಮೋರ್ಕಂಬ್
೧೩ ಮಾರ್ಚ್ ೨೦೨೫, ಗುರುವಾರ

ಗ್ಯಾಲರಿಯಲ್ಲಿ ಕೂತವರೇ, ಮುಂದಿನ ಸಾಲಿನವರೇ, ಟಿಕೀಟಿಲ್ಲದೆ ಬಾಗಿಲಿಗೆ ಒರಗಿ ನಿಂತವರೇ, ಸಮಸ್ತ ಪ್ರೇಕ್ಷಕ ಮಹಾಶಯರೇ!

ಅಂದರೆ ಗ್ಲೆಂಡಾ, ನೀನು. ನಿನ್ನ ಹೆಗಲ ಮೇಲಿಂದ ಇಣುಕಿ ಓದುವ ನಿನ್ನ ಅಕ್ಕ ಪಾಲೀನ್. ಮತ್ತು ಅವಳ ಬಾಯಿಂದ ಇದನ್ನು ಕೇಳಲಿರುವ ನಿಮ್ಮ ಬೀದಿಯ ಅಷ್ಟೂ ಜನ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಬೇರೆಯಾದ ಹನ್ನೊಂದು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು.

ಜನವರಿಯಲ್ಲಿ ನೀನು ಕಳಿಸಿದ ವಿಚ್ಛೇದನದ ಕಾಗದ ತಲುಪಿತು. ನಿನಗೆ ನನ್ನಿಂದ ಚಿಕ್ಕಾಸೂ ಬೇಡ, ಒಪ್ಪಿಗೆಯೊಂದು ಸಾಕು ಎಂದು ಬರೆದಿದ್ದೆ. ನಾನು ಉತ್ತರಿಸಲಿಲ್ಲ. ಪುರುಸೊತ್ತಿರಲಿಲ್ಲ ಎಂದುಕೊಳ್ಳೋಣ.

ನಾನೀಗ ಇಲ್ಲಿನ ಪ್ರೈಮರಿ ಶಾಲೆಯೊಂದರಲ್ಲಿ ಕೇರ್‌ಟೇಕರ್. ಬೆಳಗ್ಗೆ ಗೇಟು ತೆಗೆಯುವುದು, ಬಾಯ್ಲರ್ ಹಚ್ಚುವುದು, ಮಕ್ಕಳು ವಾಂತಿ ಮಾಡಿದಲ್ಲಿ ಮರದ ಹೊಟ್ಟು ಎರಚುವುದು. ಮೂವತ್ತು ಕ್ರಿಸ್‌ಮಸ್‌ಗಳ ನಗೆನಾಟಕದಲ್ಲಿ ಹೆಣ್ಣುಡುಗೆ ತೊಟ್ಟು, ಗಲ್ಲಕ್ಕೆ ಬಣ್ಣ ಬಳಿದು, ವಿಧವೆ ಅಗಸಗಿತ್ತಿಯ ಪಾತ್ರ ಕುಣಿದವನಿಗೆ ಇದು ಇಳಿಕೆಯಲ್ಲ; ಇಲ್ಲಿ ಸಂಬಳ ತಿಂಗಳು ತಪ್ಪದೆ ಬರುತ್ತದೆ. ಕೌನ್ಸಿಲ್ಲಿನ ಕೆಲಸವಾದ್ದರಿಂದ ಪಿಂಚಣಿಯೂ ಉಂಟು. ಅರವತ್ತೊಂದನೇ ವಯಸ್ಸಿನಲ್ಲಿ ಸೇರಿದವನಿಗೆ ಅದು ಎಷ್ಟು ಬಂದೀತು? ಚಹಾಕ್ಕೆ ಆದರೆ ಬಿಸ್ಕತ್ತಿಗಿಲ್ಲ.

ಆಗ ನೆನಪಾದದ್ದು ನನ್ನ ಹಳೆಯ ಖಾಸಗಿ ಪಿಂಚಣಿಯ ಗಂಟು. ಪಿಂಚಣಿ ಕಚೇರಿಯ ನಸ್ರೀನ್ ಎಂಬ ಹೆಣ್ಣುಮಗಳು ಲೆಕ್ಕ ಹಾಕಿಸಿಕೊಟ್ಟಳು. ಆ ಗಂಟನ್ನು ಕೌನ್ಸಿಲ್ ಪಿಂಚಣಿಗೆ ಸೇರಿಸಿದರೆ ವರ್ಷಕ್ಕೆ ಇನ್ನೂ ಸಾವಿರದ ಒಂಬೈನೂರು ಪೌಂಡು, ಸಾಯುವ ತನಕ. ಷರತ್ತು ಎರಡು. ಕೆಲಸಕ್ಕೆ ಸೇರಿದ ಹನ್ನೆರಡು ತಿಂಗಳೊಳಗೆ ಅರ್ಜಿ ಮುಟ್ಟಬೇಕು. ಒಮ್ಮೆ ಒಳಗೆ ಹೋದದ್ದು ಗಂಟಾಗಿ ಹೊರಗೆ ಬಾರದು. ನನ್ನ ಹನ್ನೆರಡು ತಿಂಗಳು ನಾಳೆಗೆ ತುಂಬುತ್ತದೆ.

ಅರ್ಜಿಯನ್ನು ನಾನು ಫೆಬ್ರವರಿಯಲ್ಲೇ ಕಳಿಸಿದ್ದೆ. ಕಡೆಯ ಸಾಲೊಂದನ್ನು ಬಿಟ್ಟು. ನಮ್ಮ ನಾಟಕದವರ ಪದ್ಧತಿ ನಿನಗೆ ಗೊತ್ತು: ಕ್ರಿಸ್‌ಮಸ್ ನಾಟಕದ ಕಡೆಯ ಎರಡು ಸಾಲನ್ನು ತಾಲೀಮಿನಲ್ಲಿ ಯಾರೂ ಆಡುವುದಿಲ್ಲ, ಆಡಿದರೆ ನಾಟಕ ಮಣ್ಣುಪಾಲು. ಹಾಗೆಯೇ ಸಹಿಯ ಜಾಗ ಖಾಲಿ ಬಿಟ್ಟು, ಕಡೆಯ ದಿನ ಹಾಕಿದರಾಯಿತೆಂದು ಪಕ್ಕಕ್ಕಿಟ್ಟೆ. ಆಮೇಲೆ ಸಹಿಯನ್ನು ಮರೆತು ಅರ್ಜಿಯನ್ನು ಲಕೋಟೆಗೆ ತುಂಬಿ ಅಂಚೆಗೆ ಹಾಕಿದೆ. ನಸ್ರೀನ್ ಫೋನು ಮಾಡಿದಳು.

“ಎಂಟ್‌ವಿಸಲ್ ಅವರೇ, ಹತ್ತು ಪುಟ ಮುತ್ತು ಪೋಣಿಸಿದ ಹಾಗೆ ಬರ್ದಿದ್ದೀರಿ. ಸಹಿ ಮಾತ್ರ ನಾನು ಹಾಕ್ಲಾ?”

ಪದ್ಧತಿಯನ್ನು ವಿವರಿಸಿದೆ. ಅವಳು, ನಾಟಕ ಇರಲಿ ಸಾರ್, ಇದು ಪಿಂಚಣಿ ಎಂದಳು. ಅರ್ಜಿಯನ್ನು ವಾಪಸು ಕಳಿಸಿದಳು. ಜೊತೆಗೆ ಖಾಸಗಿ ಪಿಂಚಣಿಯವರು ಕಳಿಸಿದ್ದ ಕಂತುಗಳ ಪಟ್ಟಿಯ ಪ್ರತಿಯನ್ನೂ ಇಟ್ಟಿದ್ದಳು. ಮೊದಲೇ ಸಹಿ ಹಾಕಿದ್ದರೆ ಆ ಪಟ್ಟಿ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪಟ್ಟಿಯಲ್ಲಿ ‘ಹಣ ಕಟ್ಟಿದವರು’ ಎಂಬ ಕಡೆ ನನ್ನ ಹೆಸರಿರಲಿಲ್ಲ. ನಾಟಕ ಕಂಪನಿಯ ಹೆಸರೂ ಇರಲಿಲ್ಲ. ೧೯೯೪ರಿಂದ ಪ್ರತಿ ತಿಂಗಳೂ ಒಂದೇ ಹೆಸರು: ಶ್ರೀಮತಿ ಗ್ಲೆಂಡಾ ಎಂಟ್‌ವಿಸಲ್.

ಆ ದುಡ್ಡನ್ನು ನನ್ನ ಕಲೆಗೆ ಮೆಚ್ಚಿ ಕಂಪನಿಯ ಮಾಲೀಕನೇ ಕಟ್ಟುತ್ತಿದ್ದಾನೆಂದು ನಾನು ನಂಬಿದ್ದೆ, ಊರಿಗೆಲ್ಲ ಹೇಳಿದ್ದೆ, ನಿನ್ನೆದುರೇ ಹೇಳಿದ್ದೆ. ನೀನು ತಿದ್ದಲಿಲ್ಲ. ಬಣ್ಣ ಒರೆಸಿಕೊಳ್ಳುವಾಗ ನೀನು ಒಂದು ಕಾಗದ ಮುಂದಿಟ್ಟದ್ದು, ನಾನು ಓದದೆ ಗೀಚಿದ್ದು ಮಸುಕಾಗಿ ನೆನಪಿದೆ.

ಖಾತ್ರಿ ಮಾಡಿಕೊಳ್ಳಲು ಪಾಲೀನಳಿಗೆ ಫೋನು ಮಾಡಿದೆ. ನಿನಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಪಾಲೀನ್, ಇನ್ನು ನಿನಗೆ ಬಿಡುಗಡೆ. ಅವಳು ಬೈಯಲಿಲ್ಲ. ತರಕಾರಿ ಹೆಚ್ಚುತ್ತಲೇ ಮಾತಾಡಿದಳು ಅಂತ ಕಾಣುತ್ತದೆ, ಚಾಕುವಿನ ಸದ್ದು ಕೇಳಿಸುತ್ತಿತ್ತು.

“ಶನಿವಾರ ಶನಿವಾರ ಅವಳು ಬೇಕರಿಲಿ ಎರಡು ಪಾಳಿ ಮಾಡ್ತಿದ್ಲಲ್ಲ ಡೆಸ್, ಕೇಕು ಅಂದ್ರೆ ಪ್ರಾಣ ಅಂತ ಅಂದ್ಕೊಂಡಿದ್ಯಾ? ನಿನಗೆ ಚಪ್ಪಾಳೆ ಬಿಟ್ಟು ಇನ್ನೇನಾದ್ರೂ ಕೇಳಿಸ್ತಿತ್ತಾ?”

ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಇಲ್ಲದ ರಂಗ ಅದು.

ಮರುದಿನ ನಸ್ರೀನಳನ್ನು ಕೇಳಿದೆ. ಗಂಟು ಈಗಿರುವಲ್ಲೇ ಇದ್ದರೆ, ವಿಚ್ಛೇದನದ ಜೊತೆಗೆ ಕೋರ್ಟಿನ ಆದೇಶದಿಂದ ಅದನ್ನು ಇಡಿಯಾಗಿ ಹೆಂಡತಿಯ ಹೆಸರಿಗೆ ಮಾಡಬಹುದಂತೆ. ಅವಳು ಬೇಕೆಂದಾಗ ಅದನ್ನು ಗಂಟಾಗಿಯೇ ತೆಗೆದುಕೊಳ್ಳಬಹುದಂತೆ. ಕೌನ್ಸಿಲ್ಲಿನೊಳಗೆ ಹೋದರೆ ಆ ದಾರಿ ಮುಚ್ಚುತ್ತದೆ. ಆಮೇಲೆ ಅವಳು ತನಗೆ ಸಂಬಂಧಿಸದ್ದೊಂದನ್ನು ಕೇಳಿದಳು.

“ಹಾಗಾದ್ರೆ ನಿಮಗೆ ಏನ್ ಉಳಿಯುತ್ತೆ?”

ಚಹಾ ಎಂದೆ.

ನಿನಗೆ ಏನೂ ಬೇಡ ಎಂದು ನೀನು ಮತ್ತೆ ಬರೆಯುತ್ತೀ, ಗೊತ್ತು. ಕೊಡುತ್ತಿಲ್ಲ ಗ್ಲೆಂಡಾ. ನಿನ್ನದನ್ನು ನಿನ್ನ ಮನೆಗೆ ಕಳಿಸುತ್ತಿದ್ದೇನೆ.

ನಿನ್ನ ಮಾಜಿ ಎನ್ನಲು ಇನ್ನು ಸ್ವಲ್ಪವೇ ದಿನ ಬಾಕಿಯಿರುವ,
ಡೆಸ್ಮಂಡ್ ಎಂಟ್‌ವಿಸಲ್

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯದೆ ಬಿಟ್ಟೆ. ನೀನು ನನ್ನ ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟದ್ದು ೨೦೧೩ರ ಅಕ್ಟೋಬರಿನಲ್ಲಿ. ಪಟ್ಟಿಯಲ್ಲಿ ನಿನ್ನ ಹೆಸರು ಅದಾದ ಮೇಲೂ ಹದಿನಾಲ್ಕು ತಿಂಗಳು ಇದೆ. ಆ ಹದಿನಾಲ್ಕು ತಿಂಗಳೂ ನಾನು ಪಬ್ಬಿನ ಬೆಂಚಿನ ಮೇಲೆ ನಿಂತು, ಹೆಂಡತಿ ಬರಿಗೈಯಲ್ಲಿ ಅಟ್ಟಿದಳೆಂಬ ಕಥೆಯನ್ನು ಅಭಿನಯಿಸಿ ಜನರನ್ನು ನಗಿಸುತ್ತಿದ್ದೆ. ನಾಳೆ ಬೆಳಗ್ಗೆ ಏಳಕ್ಕೆ ಬಾಯ್ಲರ್ ಹಚ್ಚಿ, ಮಕ್ಕಳನ್ನು ಒಳಗೆ ಬಿಟ್ಟು, ಒಂಬತ್ತೂವರೆಗೆ ವಕೀಲರ ಮುಂದೆ ಕೂತು ನಿನ್ನ ವಿಚ್ಛೇದನದ ಕಾಗದಕ್ಕೂ, ಗಂಟನ್ನು ನಿನ್ನ ಹೆಸರಿಗೆ ಮಾಡುವ ಕಾಗದಕ್ಕೂ ಒಪ್ಪಿಗೆ ಕೊಡುತ್ತೇನೆ. ಅಲ್ಲಿಂದ ನೇರ ಆ ಪಬ್ಬಿಗೆ ಹೋಗಿ, ಅದೇ ಬೆಂಚು ಹತ್ತಿ, ನಿಜವನ್ನು ಹೇಳುತ್ತೇನೆ.