ಎಡಗಡೆಯ ಕೋಣೆ

ಮಾರ್ಚ್ ಹದಿನಾಲ್ಕು, ಶುಕ್ರವಾರ

ಪ್ರೀತಿಯ ಬಾಬಿನ್,

ಹೇಗಿದ್ದೀಯ? ನಿನ್ನ ತಂಗಿಯ ಕಣ್ಣು ಈಗ ಪರವಾಗಿಲ್ಲವಾ? ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಎಷ್ಟು ಬೇಕೋ ಅಷ್ಟು ಬೈದುಬಿಡು, ಇಲ್ಲಿ ನನ್ನನ್ನು ಬೈಯುವವರೂ ಇಲ್ಲ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಗಾಳಿ, ಬಿಸಿಲು ಅಂತ ಏನೇನೋ ಗೀಚಿ ಹರಿದು ಹಾಕಿದೆ. ಫೋನ್ ಮಾಡೋಣವೆಂದರೆ ಯಾವಾಗಲೂ ನಿನ್ನ ತಂಗಿಯೇ ಎತ್ತುತ್ತಾಳೆ, ನೀನು ಸ್ನಾನಕ್ಕೆ ಹೋಗಿರುತ್ತೀಯ. ಇಷ್ಟೊಂದು ಸ್ನಾನ ಮಾಡುವವಳು ಸಮುದ್ರದ ಪಕ್ಕದಲ್ಲೇ ಇರಬೇಕಿತ್ತು ಕಣೇ.

ನಾನು ಈ ಪರದೇಶದ ಸಮುದ್ರದೂರಿಗೆ ಬಂದು ಏಳು ತಿಂಗಳಾಯಿತು. "ನೀನು ಮುಂದೆ ಹೋಗಿ ಮನೆ ಸರಿಮಾಡ್ಕೋ ಅಕ್ಕ, ಹದಿನೈದು ದಿನದಲ್ಲಿ ನಾನೂ ಬಂದೆ" ಅಂತ ನೀನೇ ಅಂದಿದ್ದೆ. ಮೊದಲು ಪಾಸ್‌ಪೋರ್ಟಿನ ಫೋಟೋದಲ್ಲಿ ಕಣ್ಣು ಮುಚ್ಚಿಹೋಯಿತು ಅಂದೆ. ಆಮೇಲೆ ತಂಗಿಯ ಕಣ್ಣಿನ ಆಪರೇಷನ್. ಈಗ ನಿನ್ನ ಮಂಡಿ. ಕಣ್ಣಿನಿಂದ ಮಂಡಿಯವರೆಗೆ ಇಳಿದಿದ್ದೀಯ, ಇನ್ನು ಪಾದವೊಂದು ಬಾಕಿ. ತಮಾಷೆಗೆ ಅಂದೆ, ಮುಖ ಊದಿಸಿಕೊಳ್ಳಬೇಡ.

ಮನೆಯ ವಿಷಯ ಬರೆಯುತ್ತೇನೆ. ಎರಡನೇ ಮಹಡಿ, ಮೆಟ್ಟಿಲು ಹೊರಗಿನಿಂದ. ಎರಡು ಕೋಣೆ, ನಡುವೆ ಅಡುಗೆಗೆ ಒಂದು ಕಟ್ಟೆ. ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿ ಬಾಗಿಲು ತೆರೆಯಲು ಜಾಗ ಉಳಿದರೆ ಅದೇ ಹೆಚ್ಚು. ಎಡಗಡೆಯ ಕೋಣೆ ನಿನ್ನದು. ಕೆಲಸದಲ್ಲಿ ನಾನು ಕತ್ತರಿಸಿದ್ದನ್ನು ಹೊಲಿಯಲು ನೀನು ಯಾವಾಗಲೂ ನನ್ನ ಎಡಕ್ಕೆ ಕೂರುತ್ತಿದ್ದೆಯಲ್ಲ, ಯೋಚನೆಯನ್ನೇ ಮಾಡದೆ ಹಾಗೆ ಹಂಚಿಬಿಟ್ಟೆ. ಉಪ್ಪುಗಾಳಿಗೆ ಬಾಗಿಲ ಚಿಲಕವೆಲ್ಲ ಅಂಟಂಟು. ನನ್ನ ದೊಡ್ಡ ಕತ್ತರಿಗೆ ಬಂದ ವಾರವೇ ತುಕ್ಕಿನ ಚುಕ್ಕಿ ಕಂಡಿತು. ಈಗ ದಿನಾ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಮಗುವಿಗೂ ಯಾರೂ ಇಷ್ಟು ಆರೈಕೆ ಮಾಡುವುದಿಲ್ಲ.

ಖರ್ಚಿನ ವಿಷಯದಲ್ಲಿ ನಾವು ಹಾಕಿದ ಲೆಕ್ಕ ಸುಳ್ಳಾಗಲಿಲ್ಲ. ಅಲ್ಲಿ ನಮ್ಮಿಬ್ಬರ ಪಿಂಚಣಿ ಸೇರಿಸಿದರೂ ಹಿಡಿದು ಹಿಡಿದು ಬದುಕಬೇಕಿತ್ತು, ಇಲ್ಲಿ ನನ್ನೊಬ್ಬಳದರಲ್ಲೇ ಮಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಹಾಸಿಗೆಯೇ ಉದ್ದ. ಚಾಚಿದ ಕಾಲನ್ನು ತುಳಿದು ದಾಟಿ ಹೋಗುವವರು ಮಾತ್ರ ಯಾರೂ ಇಲ್ಲ.

ಸಂಜೆ ದಡಕ್ಕೆ ಹೋಗುತ್ತೇನೆ. ಬೇರೆ ಬೇರೆ ದೇಶಗಳಿಂದ ಬಂದ ನಿವೃತ್ತರೇ ಅರ್ಧ ಊರು. ಗಂಡ ಹೆಂಡತಿ, ಅಕ್ಕ ತಂಗಿ, ಹೀಗೆ ಎಲ್ಲರೂ ಜೋಡಿಯಾಗಿಯೇ ಬರುತ್ತಾರೆ. ಕಾಫಿ ಅಂಗಡಿಯವನು ನನ್ನ ಮೇಜಿನ ಇನ್ನೊಂದು ಕುರ್ಚಿಯನ್ನು ಬೇರೆಯವರಿಗೆ ಕೊಡಲೇ ಎಂದು ಕೈಸನ್ನೆಯಲ್ಲಿ ಕೇಳುತ್ತಾನೆ. ಮೊದಲೆಲ್ಲ ಬೇಡ, ಜನ ಬರ್ತಾರೆ ಅಂತ ತಲೆಯಾಡಿಸುತ್ತಿದ್ದೆ. ಈಗ ಅವನು ಕೇಳುವ ಮೊದಲೇ ನಾನೇ ಎತ್ತಿ ಕೊಡುತ್ತೇನೆ.

ಇಲ್ಲಿನ ಭಾಷೆಯಲ್ಲಿ ಹತ್ತರವರೆಗೆ ಎಣಿಸಲು ಬರುತ್ತದೆ. ಉಪ್ಪು, ನೀರು, ನಾಳೆ, ಸಾಕು, ಇಷ್ಟು ಗೊತ್ತು. ಸಾಕು ಅನ್ನುವುದನ್ನೇ ಹೆಚ್ಚು ಹೇಳುತ್ತೇನೆ. ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಐದನೆಯ ದಿನ ಮನೆಯೊಡತಿ ಬಾಗಿಲು ತಟ್ಟಿದಳು. "ಬಂದೆ" ಅನ್ನಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಜ್ವರದಿಂದಲ್ಲ. ನಾಲ್ಕು ದಿನ ಒಂದು ಮಾತೂ ಆಡದೆ ಗಂಟಲು ಕಟ್ಟಿಹೋಗಿತ್ತು. ಕೆಲಸದ ಜಾಗದಲ್ಲಿ ನನ್ನ ಬಾಯಿ ಮುಚ್ಚಿಸಲು ಮಾಸ್ಟರ್ ರೇಡಿಯೋ ಜೋರು ಮಾಡುತ್ತಿದ್ದರು, ನೆನಪಿದೆಯಾ? ಅವರಿಗೆ ಹೇಳಿದರೆ ನಂಬಲಾರರು.

ಈಗ ನನ್ನ ಮಾನ ಹೋದ ಕಥೆ ಕೇಳು. ಬಂದ ವಾರವೇ ಪೇಟೆಯಿಂದ ತೆಳ್ಳಗಿನ ನೀಲಿ ಬಟ್ಟೆ ತಂದು, ನೆಲದ ಮೇಲೆ ಹಾಸಿ, ಗೆರೆ ಎಳೆದು, ನನಗೊಂದು ನಿನಗೊಂದು ಅಂಗಿಗೆ ಕತ್ತರಿಸಿದೆ. ಕತ್ತರಿಸಿದ ತುಂಡನ್ನು ಮಡಚಿ ಎಡಗೈಯಿಂದ ಪಕ್ಕಕ್ಕೆ ಚಾಚಿದೆ. ಹಿಡಿದುಕೊಳ್ಳಲು ನೀನಿಲ್ಲ. ಒಂದು ಗಳಿಗೆ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಮೂವತ್ತೊಂದು ವರ್ಷ ಸಾವಿರಾರು ಮಕ್ಕಳ ಶಾಲೆಯ ಬಟ್ಟೆ ಕತ್ತರಿಸಿದ ನನಗೆ ಒಂದು ಹೊಲಿಗೆ ನೆಟ್ಟಗೆ ಹಾಕಲು ಬಾರದು ಎಂದರೆ ಇಲ್ಲಿ ಯಾರು ನಂಬುತ್ತಾರೆ? ತುಂಡುಗಳು ತಿಂಗಳುಗಟ್ಟಲೆ ನಿನಗಾಗಿ ಕಾದವು. ಕೊನೆಗೆ ನನ್ನದನ್ನು ಬೀದಿಯ ಕೊನೆಯ ದರ್ಜಿಗೆ ಕೊಟ್ಟೆ. ನನ್ನ ವಯಸ್ಸಿನವನೇ, ಮೂಗಿನ ತುದಿಗೆ ಕನ್ನಡಕ.

ಅಂಗಿ ಬಂತು. ಹಾಕಿಕೊಂಡರೆ ಉಸಿರಾಡಲು ಆಗದು. ಎರಡೂ ಪಕ್ಕ ಒಂದೊಂದು ಬೆರಳು ಬಿಗಿ. ಸಿಟ್ಟು ನೆತ್ತಿಗೇರಿತು. ಹೋಗಿ ಅವನ ಮುಂದೆ ಅಂಗಿ ಎಸೆದು ನಮ್ಮ ಭಾಷೆಯಲ್ಲೇ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂಗಿಯ ಒಳಮಗ್ಗುಲು ತಿರುಗಿಸಿ, ನನ್ನ ಸೀಮೆಸುಣ್ಣದ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. ಹೊಲಿಗೆ ಗೆರೆಯ ಮೇಲೆ ಕೂದಲೆಳೆ ತಪ್ಪದೆ ಕೂತಿತ್ತು. ಆಗ ಹೊಳೆಯಿತು ನೋಡು. ನೀನು ಯಾವಾಗಲೂ ಗೆರೆಯಿಂದ ಒಂದು ಬೆರಳು ಹೊರಗೆ ಹೊಲಿಯುವವಳು. ಸೇರಿದ ಹೊಸದರಲ್ಲಿ ಎಷ್ಟು ಹೇಳಿದರೂ ನೀನು ಬದಲಾಗಲಿಲ್ಲ, ಕೊನೆಗೆ ನಾನೇ ಸೋತು ಗೆರೆಯನ್ನು ಒಂದು ಬೆರಳು ಒಳಗೆ ಎಳೆಯತೊಡಗಿದೆ. ಕೈಗೆ ಅದೇ ಅಭ್ಯಾಸವಾಗಿ ಸರಿಯಾದ ಅಳತೆ ಯಾವುದು ಎಂಬುದೇ ಮರೆತುಹೋಗಿದೆ. ಬೇರೆ ಯಾರಿಗೆ ಕೊಟ್ಟರೂ ನನ್ನ ಬಟ್ಟೆ ಬಿಗಿಯೇ. ದರ್ಜಿಗೆ ಕ್ಷಮಿಸು ಅನ್ನಲು ಪದ ಗೊತ್ತಿರಲಿಲ್ಲ. ಸಾಕು ಅಂದೆ. ಅವನು ನಕ್ಕು ನೀರು ಕೊಟ್ಟ. ಅಲ್ಲೇ ಕೂತು ಅತ್ತುಬಿಟ್ಟೆ ಕಣೇ, ಅಂಗಡಿಗೆ ಬಂದವರೆಲ್ಲ ನೋಡಿದರು.

ಮನೆಯೊಡತಿಯ ವಿಷಯ ಬರೆಯಬೇಕು. ನಮ್ಮವರಿಗೇ ಬಾಡಿಗೆಗೆ ಕೊಟ್ಟು ಕೊಟ್ಟು ನಮ್ಮ ಮಾತು ಅಷ್ಟಿಷ್ಟು ಕಲಿತಿದ್ದಾಳೆ. ಒಳ್ಳೆಯವಳು, ಆದರೆ ನೇರ. ಎಡಗಡೆಯ ಕೋಣೆಗೆ ಯಾರೋ ನಿವೃತ್ತ ನರ್ಸ್ ಕೇಳುತ್ತಿದ್ದಾಳಂತೆ. ಏಳು ತಿಂಗಳು ಕಾದಿದ್ದೇನೆ, ಈ ತಿಂಗಳ ಕೊನೆಗೆ ಹೇಳಿಬಿಡು ಅಂದಳು. ನಿನ್ನ ಮಂಚದ ಮೇಲಿನ ಹಾಸು ನೋಡಿ, "ನಿಮ್ಮ ತಂಗಿ ನಿಜವಾಗ್ಲೂ ಬರ್ತಾರಾ?" ಅಂತ ಕೇಳಿದಳು. ನೀನು ತಂಗಿಯಲ್ಲ ಅಂತ ತಿದ್ದಲು ಹೋಗಲಿಲ್ಲ. ಬರುತ್ತಾಳೆ ಅಂದೆ. ಅವಳು ಹೋದ ಮೇಲೆ ಹಾಸನ್ನು ಕೊಡವಿ ಮತ್ತೆ ಹಾಸಿದೆ. ಮಲಗದ ಹಾಸಿಗೆಯಲ್ಲೂ ಮರಳು ಹೇಗೆ ಸೇರುತ್ತದೋ ಕಾಣೆ.

ಒಂಟಿತನ ಬಹಳ ಕಾಡುತ್ತಿದೆ. ನನ್ನಂಥ ಗಟ್ಟಿಗಿತ್ತಿ ಹೀಗೆ ಬರೆಯುತ್ತಾಳೆ ಎಂದು ನಗಬೇಡ. ಎಲ್ಲವೂ ಚೆನ್ನಾಗಿದೆ, ನೋಡಿದೆಯಾ ಅಂತ ಹೇಳಲು ಪಕ್ಕದಲ್ಲಿ ಒಂದು ಜೀವವಿಲ್ಲ.

ತಂಗಿಗೆ ಕಣ್ಣಿಗೆ ಹೊಗೆ ತಾಗಿಸಿಕೊಳ್ಳಬೇಡ ಅಂತ ಹೇಳು. ಅವಳ ಮೊಮ್ಮಗಳಿಗೆ ನನ್ನ ಮುತ್ತು, ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ. ನಿನಗೆ ಏನೆಂದು ಹರಸಲಿ? ನನಗಿಂತ ಎರಡೇ ವರ್ಷ ಚಿಕ್ಕವಳಾದರೂ ಚಿಕ್ಕವಳೇ. ಕೈ, ಕಣ್ಣು ಕೊನೆಯವರೆಗೂ ಗಟ್ಟಿಯಾಗಿರಲಿ.

ನಿನ್ನ
ಕತ್ತರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದು ಅಂತ ನೀನು ಬರೆದ ಪತ್ರ ಬಂದ ಮೂರನೆಯ ದಿನ ಮಾಸ್ಟರ್ ಫೋನ್ ಮಾಡಿದ್ದರು. ಜನವರಿಯಿಂದ ನೀನು ವಾರಕ್ಕೆ ನಾಲ್ಕು ದಿನ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೀಯಂತೆ, ಮೂರು ಮಹಡಿ ಹತ್ತಿಕೊಂಡು. ಹೊಸದಾಗಿ ಸೇರಿದ ಕಟಿಂಗಿನವಳ ಪಕ್ಕ ಕೂರುತ್ತೀಯಂತೆ, ನಿಮ್ಮಿಬ್ಬರ ನಗು ಕೆಳಗಿನವರೆಗೂ ಕೇಳುತ್ತದಂತೆ. ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ. ಆದರೆ ಐದು ವಾರ ನನ್ನ ಕೈ ಕಟ್ಟಿಹಾಕಿದ್ದು ಅದಲ್ಲ. ನೀನು ಯಾವಾಗ ಹೊರಡುವುದು ಅಂತ ಅವರು ಕೇಳಿದ್ದಕ್ಕೆ ನೀನು ಹೇಳಿದ ಮಾತನ್ನು, ನನಗೆ ಗೊತ್ತೇ ಇರುತ್ತದೆ ಅಂದುಕೊಂಡು ಪಾಪ ಹಾಗೇ ಹೇಳಿಬಿಟ್ಟರು. "ನಂಗೆ ಸಮುದ್ರ ಅಂದ್ರೆ ಚಿಕ್ಕೋಳಿದ್ದಾಗಿಂದ ಭಯ ಮಾಸ್ಟರ್. ಅಕ್ಕನಿಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಮೂವತ್ತೊಂದು ವರ್ಷ ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗಲೆಲ್ಲ ನಾನು ಸಮುದ್ರದ ಮಾತೆತ್ತುತ್ತಿದ್ದೆ, ನೀನು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದೆ. ಈ ಊರೇ ಆಗಲಿ ಅಂದೆ, ನೀನು ಹೂಂ ಅಂದೆ. ಅರ್ಜಿ ಹಾಕೋಣ ಅಂದೆ, ಅದಕ್ಕೂ ಹೂಂ. ನಿನಗೆ ಬೇಕಾ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದರೂ ಹೇಳಲಾಗದಷ್ಟು ನನಗೆ ಹೆದರುತ್ತಿದ್ದೆಯಾ?

ಕೋಣೆಯನ್ನು ಆ ನರ್ಸಿಗೆ ಕೊಡು ಅಂತ ಇವತ್ತು ಹೇಳಿಬಿಟ್ಟೆ. ಈಗ ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ನಾನು ವಾಪಸ್ ಬಂದು, ನಿನ್ನ ಬೀದಿಯಲ್ಲೇ ಎಲ್ಲಾದರೂ ಒಂದು ಸಣ್ಣ ಕೋಣೆ ಹಿಡಿದರೆ ನಿನಗೆ ಸಂತೋಷವಾಗುತ್ತಾ? ಬೇಡ ಅನ್ನಿಸಿದರೆ ಬೇಡ ಅಂತಲೇ ಬರೆ, ತಡೆದುಕೊಳ್ಳುತ್ತೇನೆ. ಹೂಂ ಅಂತ ಮಾತ್ರ ಬರೆಯಬೇಡ.