ವಿಲೇವಾರಿ ಎಂದರೇನು, ಆಡಳಿತಾಧಿಕಾರಿಗಳೇ?

ಮಾನ್ಯರೇ,

ನಮ್ಮ ಗಿರಣಿ ಫುಟ್‌ಬಾಲ್ ಕ್ಲಬ್ಬು ದಿವಾಳಿಯಾದ ಮೇಲೆ ಅದನ್ನು ನೋಡಿಕೊಳ್ಳಲೆಂದು ನ್ಯಾಯಾಲಯ ಕಳಿಸಿದ ಆಡಳಿತಾಧಿಕಾರಿಗಳು ತಾವು. ಬಂದ ಹದಿನೈದನೇ ದಿನ ತಾವು ಮೈದಾನದ ಗೇಟಿಗೆ ಅಂಟಿಸಿದ ಪ್ರಕಟಣೆಯಲ್ಲಿ ಇದ್ದದ್ದು ಒಂದೇ ವಾಕ್ಯ: ‘ಸದರಿ ಕ್ಲಬ್ಬಿನ ವಿಲೇವಾರಿಯನ್ನು ನಿಯಮಾನುಸಾರ ಶೀಘ್ರದಲ್ಲೇ ಪೂರ್ಣಗೊಳಿಸಲಾಗುವುದು.’ ಇದರ ಅರ್ಥವೇನೆಂದು ಕೇಳಲು ನಾನು ತಮ್ಮ ಕಚೇರಿಗೆ ಮೂರು ಸಲ ಬಂದೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಊಟಕ್ಕೆ ಹೋಗಿದ್ದರು. ಮೂರನೇ ಸಲ ಮೀಟಿಂಗೂ ಊಟವೂ ಒಟ್ಟಿಗೇ ನಡೆಯುತ್ತಿದ್ದವು. ಹೀಗಾಗಿ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ. ನಮ್ಮ ಕ್ಲಬ್ಬು ಬದುಕುತ್ತದೋ, ಸಾಯುತ್ತದೋ? ತಮ್ಮ ಆ ಒಂದು ಪದದಿಂದ ಇಲ್ಲಿಯವರೆಗೆ ಮುರಿದ ಎಲುಬುಗಳೆಷ್ಟು ಎಂಬುದು ತಮಗಿಂತ ನನಗೆ ಚೆನ್ನಾಗಿ ಗೊತ್ತು.

ಯಾಕೆಂದರೆ ನಾನು ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯ ನೌಕರ. ಡಾಕ್ಟರು ಎಲುಬು ಕೂಡಿಸುತ್ತಾರೆ, ನಾನು ಪ್ಲಾಸ್ಟರ್ ಸುತ್ತುತ್ತೇನೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ತಮ್ಮ ಪ್ರಕಟಣೆಗೆ ಮುಂಚೆ ನನ್ನ ಬೆಂಚಿನ ಮೇಲೆ ಬಂದು ಕೂರುತ್ತಿದ್ದವರು ಮೆಟ್ಟಿಲು ಜಾರಿದವರು, ಬೈಕಿನಿಂದ ಬಿದ್ದವರು. ಆಮೇಲಿನ ಮೂರು ವಾರದಲ್ಲಿ ಹದಿನಾರು ಜನ ಬಂದರು, ಹದಿನಾರೂ ಫುಟ್‌ಬಾಲು. ಒಬ್ಬ ಬಸ್ ಡ್ರೈವರು, ‘ನಿಮ್ಮ ಟೀಮು ಸತ್ತಿತು’ ಎಂದವನ ಹಲ್ಲಿಗೆ ಗುದ್ದಿ ತನ್ನ ಬೆರಳನ್ನೇ ಮುರಿದುಕೊಂಡಿದ್ದ, ಗಾಯದೊಳಗೆ ಎದುರಾಳಿಯ ಹಲ್ಲಿನ ಚೂರು ಇನ್ನೂ ಇತ್ತು. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವನನ್ನು ಕುರ್ಚಿಯ ಸಮೇತ ಬೀದಿಗೆಳೆದು ತುಳಿದಿದ್ದರು, ಕೊರಳೆಲುಬು ಎರಡು ತುಂಡು. ಇಬ್ಬರು ತರಕಾರಿ ವ್ಯಾಪಾರಿಗಳು ತೂಕದ ಕಲ್ಲಿನಿಂದ ಒಬ್ಬರನ್ನೊಬ್ಬರು ಜಜ್ಜಿಕೊಂಡು ಒಂದೇ ಆಟೋದಲ್ಲಿ ಬಂದಿದ್ದರು, ಬಾಡಿಗೆಯನ್ನು ಯಾರು ಕೊಡಬೇಕೆಂದು ನಮ್ಮ ಬಾಗಿಲಲ್ಲಿ ಮತ್ತೆ ಶುರುವಾಯಿತು. ತಾವು ಇದನ್ನು ಪುಂಡರ ಗಲಾಟೆ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟಿರಿ. ಪುಂಡರಂತೆ! ಆ ಡ್ರೈವರು ಇಪ್ಪತ್ತು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸಿದವನಲ್ಲ.

ಹದಿನೇಳನೆಯವರ ವಿಷಯಕ್ಕೆ ಬರುತ್ತೇನೆ. ಅವರು ನನ್ನ ಭಾವ.

ನಮ್ಮ ಊರಿಗೆ ತಂಡಗಳು ಎರಡು. ಗಿರಣಿಯವರದು ಕಂದು ಬಿಳಿ ಜೆರ್ಸಿ, ಮಾರುಕಟ್ಟೆಯವರದು ಹಸಿರು. ಅವರು ನಮ್ಮನ್ನು ‘ಚಹಾ ಸೋಸೋ ಬಟ್ಟೆ’ ಎನ್ನುತ್ತಾರೆ, ನಾವು ಅವರನ್ನು ‘ಸೊಪ್ಪಿನ ಕಟ್ಟು’ ಎನ್ನುತ್ತೇವೆ. ನನ್ನ ಒಡಹುಟ್ಟಿದ ಅಕ್ಕನನ್ನು ಮದುವೆಯಾಗಿರುವುದು ಅಂಥ ಒಂದು ಸೊಪ್ಪಿನ ಕಟ್ಟು. ಭಾವ ಕಂದಾಯ ಕಚೇರಿಯಲ್ಲಿ ಗುಮಾಸ್ತರು, ಮುತ್ತು ಪೋಣಿಸಿದಂಥ ಅಕ್ಷರ, ಇಡೀ ಕಚೇರಿಯ ಮುಖ್ಯ ಪತ್ರಗಳನ್ನು ಅವರ ಕೈಯಲ್ಲೇ ಬರೆಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ನಾವಿಬ್ಬರೂ ಬೈದಾಡಿಕೊಂಡೇ ಊಟ ಮಾಡಿದವರು. ಆ ಭಾನುವಾರವೂ ಹಾಗೇ ಶುರುವಾಯಿತು.

“ನೋಡೋ ಭಾಮೈದ, ನಿಮ್ಮ ಕ್ಲಬ್ಬಿಗೆ ಬರೋ ದುಡ್ಡಿಗಿಂತ ಹೋಗೋದೇ ಜಾಸ್ತಿ. ಆಟಗಾರರಿಗೆ ನಾಲ್ಕು ತಿಂಗಳಿಂದ ಸಂಬಳ ಇಲ್ಲ. ಬಸ್ಸನ್ನೂ ಜಪ್ತಿ ಮಾಡ್ಕೊಂಡು ಹೋದ್ರು. ಇದು ಉಳಿಯೋ ಲಕ್ಷಣಾನಾ?”

“ಮೈದಾನ ಇದೆಯಲ್ಲ ಭಾವ? ಯಾರಾದ್ರೂ ಕೊಂಡ್ಕೋತಾರೆ.”

“ಕೊಂಡ್ಕೋತಾರೆ. ಮೈದಾನ ಇಟ್ಕೊಂಡು ಟೀಮನ್ನ ಬೀದಿಗೆ ಹಾಕ್ತಾರೆ.”

“ನೀವೂ ಹತ್ತು ವರ್ಷದ ಹಿಂದೆ ಹೀಗೇ ಮುಳುಗಿದ್ರಿ. ಎದ್ದು ಬರ್ಲಿಲ್ವಾ?”

“ಬಂದ್ವಿ. ನಮಗೆ ಬಂದಿದ್ದ ಆಡಳಿತಾಧಿಕಾರಿ ದಿನಾ ಗೇಟಿನ ಹತ್ರ ನಿಂತು ಜನರ ಜೊತೆ ಮಾತಾಡ್ತಿದ್ದ. ನಿಮ್ಮೋನ ಮುಖ ನೋಡಿದೋರು ಯಾರಾದ್ರೂ ಇದಾರಾ?”

ಮೊಬೈಲಿನಲ್ಲಿ ತೆಗೆದಿದ್ದ ಪ್ರಕಟಣೆಯ ಫೋಟೋವನ್ನು ಅವರ ಮುಂದೆ ಹಿಡಿದೆ. ಗಲಾಟೆಯ ಸುದ್ದಿ ಕೇಳಿದ್ದರೂ ಪ್ರಕಟಣೆಯನ್ನು ಕಣ್ಣಾರೆ ಕಂಡಿರದ ಭಾವ ಕನ್ನಡಕ ಹಾಕಿಕೊಂಡು ಓದಿದರು. ಮುಖ ಅರಳಿತು. “ಅಯ್ಯೋ, ವಿಲೇವಾರಿ ಅಂತ ಬರ್ದಿದಾರಲ್ಲೋ! ಆಗೋಯ್ತು ಬಿಡು. ಮುಗೀತು ನಿಮ್ಮ ಗೋಳು,” ಎಂದು ತೊಡೆ ತಟ್ಟಿಕೊಂಡು ನಕ್ಕರು.

ನನ್ನ ಕೋಣೆಯ ಮೂಲೆಯಲ್ಲಿ ಒಂದು ಹಳದಿ ಬಕೆಟ್ ಇದೆ. ಅದರ ಮೇಲೆ ‘ತ್ಯಾಜ್ಯ ವಿಲೇವಾರಿ’ ಎಂದು ಬರೆದಿದೆ. ರಕ್ತದ ಹತ್ತಿ, ಕೀವಿನ ಬಟ್ಟೆ, ಒಮ್ಮೆ ಯಂತ್ರಕ್ಕೆ ಸಿಕ್ಕಿದವನೊಬ್ಬನ ಹೆಬ್ಬೆರಳು, ಎಲ್ಲವೂ ಹೋಗುವುದು ಅದಕ್ಕೇ. ಶವಾಗಾರದಲ್ಲಿ ವಾರಸುದಾರರಿಲ್ಲದ ಹೆಣಗಳಿಗೂ ಇದೇ ಪದದ ರಿಜಿಸ್ಟರ್ ಇದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಈ ಪದವನ್ನು ಬೇರೆ ಅರ್ಥದಲ್ಲಿ ಕೇಳಿಯೇ ಇಲ್ಲ. ನನ್ನಪ್ಪ ಆ ಗಿರಣಿಯಲ್ಲಿ ನೂಲು ತೆಗೆದವರು. ಗಿರಣಿ ಮುಚ್ಚಿ ಹದಿನೆಂಟು ವರ್ಷವಾಯಿತು, ಅದರ ಹೆಸರು ಹೊತ್ತು ಓಡಾಡುವವರು ಈಗ ಈ ಹನ್ನೊಂದು ಜನ ಮಾತ್ರ. ಅವರನ್ನು ಹಳದಿ ಬಕೆಟ್ಟಿಗೆ ಹಾಕುತ್ತಾರೆಂದು ಕೇಳಿ ನನ್ನ ಅಕ್ಕನ ಗಂಡ ತೊಡೆ ತಟ್ಟಿ ನಗುತ್ತಿದ್ದಾರೆ ಎಂದೇ ನಾನು ತಿಳಿದೆ. ಪಿತ್ತ ನೆತ್ತಿಗೇರಿತು.

ಕೆನ್ನೆಗೆ ಬಾರಿಸಿದೆ. ಕನ್ನಡಕ ಸಾರಿನ ಪಾತ್ರೆಯೊಳಗೆ ಬಿತ್ತು. ಭಾವ ನನ್ನ ಮೊಣಕಾಲಿಗೆ ಒದ್ದರು, ನಾನು ಅವರ ಕತ್ತು ಹಿಡಿದು ಗೋಡೆಗೆ ಗುದ್ದಿದೆ, ತಲೆಯ ಹಿಂದಿನ ಸುಣ್ಣ ಉದುರಿತು. ಅಕ್ಕ ಇಬ್ಬರ ನಡುವೆ ನುಗ್ಗಿದಳು. ಅವಳನ್ನೂ ತಳ್ಳಿದೆ. ಭಾವ ಬಾಗಿಲಿನ ಕಡೆಗೆ ತಡವರಿಸುತ್ತಾ ಹೋಗಿ, ಬೀಳದಿರಲು ಬಲಗೈಯಿಂದ ಚೌಕಟ್ಟು ಹಿಡಿದುಕೊಂಡರು. ಕಬ್ಬಿಣದ ಬಾಗಿಲು ಅದು. ನಾನು ಅದನ್ನು ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಡಿದೆ. ಮತ್ತೊಮ್ಮೆ ಬಡಿದೆ. ಮೊದಲನೇ ಸಲ ಕೈ ಅಲ್ಲಿದ್ದದ್ದು ಕಾಣಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಎರಡನೇ ಸಲ ನನಗೆ ಗೊತ್ತಿತ್ತು. ಎಲುಬು ಮುರಿಯುವ ಸದ್ದು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಪ್ಲಾಸ್ಟರಿಗೆ ಕರೆ ಬಂದರೆ ಆಸ್ಪತ್ರೆಗೆ ಓಡುವವರು ಬೇರೆ ಯಾರಿದ್ದಾರೆ? ನಾನೇ. ಅಂಗೈಯ ಮೂರು ಎಲುಬು ಮುರಿದಿದ್ದವು. ಹೇಗಾಯಿತೆಂದು ಡಾಕ್ಟರು ಕೇಳಿದಾಗ ಭಾವ, “ಗಾಳಿಗೆ ಬಾಗಿಲು ಹಾಕ್ಕೊಳ್ತು ಸಾರ್,” ಎಂದರು. ಕಿಟಕಿಯ ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿ, ಚೀಟಿಯಲ್ಲಿ ‘ಗಾಳಿ’ ಎಂದು ಬರೆದರು.

ಬ್ಯಾಂಡೇಜನ್ನು ನೀರಿಗೆ ಅದ್ದಿ, ಗುಳ್ಳೆ ನಿಲ್ಲುವವರೆಗೆ ಕಾದು, ಹಿಂಡಿ ಸುತ್ತತೊಡಗಿದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ.

“ಸುಡ್ತಿದೆಯಲ್ಲೋ.”

“ಸುಡುತ್ತೆ ಭಾವ. ಸ್ವಲ್ಪ ಹೊತ್ತು.”

“ಯಾಕೋ ಹೊಡ್ದೆ? ನಾನು ಕೆಟ್ಟದ್ದೇನು ಹೇಳ್ದೆ?”

“ವಿಲೇವಾರಿ ಆಯ್ತು ಅಂತ ನಕ್ಕಿರಲ್ಲ.”

“ಹೂಂ ಮತ್ತೆ! ನಮ್ಮ ಆಫೀಸಲ್ಲಿ ಕಡತ ವಿಲೇವಾರಿ ಆಯ್ತು ಅಂದ್ರೆ ಅರ್ಜಿ ಹಾಕ್ದೋನ ಕೆಲಸ ಆಯ್ತು ಅಂತ ಕಣೋ. ಸಹಿ ಬಿತ್ತು, ಮನೆಗೆ ಹೋಗಬಹುದು ಅಂತ. ನಿಮ್ಮ ಟೀಮು ಉಳೀತು ಅಂತ ನಕ್ಕೆ. ನಿಮ್ಮೋರು ಇಲ್ದಿದ್ರೆ ನಾನು ಯಾರನ್ನ ಬೈಲಿ?”

ನನ್ನ ಕೈ ನಿಂತಿತು. “ಸುತ್ತು ಸುತ್ತು, ಒಣಗುತ್ತೆ,” ಎಂದರು ಭಾವ. ಸುತ್ತಿದೆ. ಅಳುತ್ತಲೇ ಸುತ್ತಿದೆ, ಮುಚ್ಚಿಡುವುದೇಕೆ.

ಮಾನ್ಯರೇ, ಬಾಗಿಲು ಬಡಿದದ್ದು ನಾನು, ತಾವಲ್ಲ. ಅದನ್ನು ತಮ್ಮ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನಾನು ಕಚೇರಿಯಲ್ಲಿ ತರಬೇತಿ ಪಡೆದವನಲ್ಲ. ಆದರೆ ಒಂದು ಊರಿನ ಅರ್ಧ ಜನಕ್ಕೆ ಕಸವೆಂದೂ ಇನ್ನರ್ಧಕ್ಕೆ ಪರಿಹಾರವೆಂದೂ ಕೇಳಿಸುವ ಪದವನ್ನು ತಾವು ಹುಡುಕಿದ್ದು ಎಲ್ಲಿಂದ? ಅದು ಅಜಾಗರೂಕತೆಯೋ, ಜಾಣತನವೋ? ಕ್ಲಬ್ಬು ಉಳಿದರೆ ‘ನಾನು ಹೇಳಿದ್ದೆನಲ್ಲ’ ಎನ್ನಬಹುದು, ಮುಳುಗಿದರೂ ‘ನಾನು ಹೇಳಿದ್ದೆನಲ್ಲ’ ಎನ್ನಬಹುದು. ಇನ್ನು ಆ ‘ಪೂರ್ಣಗೊಳಿಸಲಾಗುವುದು’. ಯಾರು ಪೂರ್ಣಗೊಳಿಸುತ್ತಾರೆ? ತಾವೇ? ಕೊಳ್ಳಲು ಬಂದವರೇ? ತಮ್ಮ ವಾಕ್ಯದಲ್ಲಿ ಕೆಲಸವಿದೆ, ಮಾಡುವವರೇ ಇಲ್ಲ. ತಮ್ಮ ಕಚೇರಿಯಲ್ಲೂ ಎಲ್ಲ ಬಾಗಿಲನ್ನು ಗಾಳಿಯೇ ಹಾಕುತ್ತದೆಯೆಂದು ಕಾಣುತ್ತದೆ.

ಬರುವ ಸೋಮವಾರ ಭಾವನ ಪ್ಲಾಸ್ಟರ್ ಬಿಚ್ಚುವ ದಿನ. ಬೆರಳು ಮಡಚಲು ಬರುತ್ತದೋ ಇಲ್ಲವೋ, ಪೆನ್ನು ಹಿಡಿಯಲು ಆಗುತ್ತದೋ ಇಲ್ಲವೋ ಎಂದು ಬಿಚ್ಚುವವರೆಗೆ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಅಕ್ಕ ಆಸ್ಪತ್ರೆಯ ಗೇಟಿನಲ್ಲಿ ನನಗೆ ಹೇಳಿದ್ದು ಇಷ್ಟೇ: “ಅವ್ರ ಬೆರಳು ಆಡಿದ್ರೆ ಮನೆಗೆ ಬಾ. ಆಡ್ಲಿಲ್ಲ ಅಂದ್ರೆ ನನಗೆ ತಮ್ಮ ಇರ್ಲಿಲ್ಲ ಅಂದ್ಕೋತೀನಿ.” ಅದೇ ಸೋಮವಾರ ತಮ್ಮ ಕಚೇರಿಯ ಮುಂದೆ ಎರಡೂ ತಂಡದವರು ಸೇರಲಿದ್ದಾರೆ. ಗಿರಣಿಯವರು ದೊಣ್ಣೆ ಕೂಡಿಸುತ್ತಿದ್ದಾರೆ, ಮಾರುಕಟ್ಟೆಯವರು ತೂಕದ ಕಲ್ಲು. ನನ್ನ ಕೋಣೆಯಲ್ಲಿರುವುದು ನಲವತ್ತು ಸುರುಳಿ ಬ್ಯಾಂಡೇಜು.

ಆದ್ದರಿಂದ ಶನಿವಾರದೊಳಗೆ ಆ ಗೇಟಿಗೆ ಹೊಸ ಪ್ರಕಟಣೆ ಬೀಳಬೇಕು. ‘ನಾನು ಈ ಕ್ಲಬ್ಬನ್ನು ಉಳಿಸುತ್ತೇನೆ’ ಎಂದಾದರೂ ಬರೆಯಿರಿ, ‘ನಾನು ಈ ಕ್ಲಬ್ಬನ್ನು ಮುಚ್ಚುತ್ತೇನೆ’ ಎಂದಾದರೂ ಬರೆಯಿರಿ. ಮುಚ್ಚಿದರೆ ಊರು ಅಳುತ್ತದೆ, ಆದರೆ ಅಳುವವರಿಗೆ ಪ್ಲಾಸ್ಟರ್ ಬೇಕಾಗುವುದಿಲ್ಲ. ‘ನಾನು’ ಎಂದು ಬರೆಯುವುದು ಕಷ್ಟವೆಂದು ನನಗೂ ಗೊತ್ತು. ಈ ಪತ್ರದ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಟ್ಟಿದ್ದೇನೆ. ಆ ಭಾನುವಾರ ಗಾಳಿ ಬೀಸಿರಲಿಲ್ಲ. ಭಾವನ ಕೈಯನ್ನು ನಾನು ಮುರಿದೆ.

ಇನ್ನು ತಮ್ಮ ಸರದಿ.

ಇಂತಿ,
ಮುರಿದವನೂ ಕಟ್ಟಿದವನೂ ತಾನೇ ಆಗಿ, ಸೋಮವಾರ ಬಿಚ್ಚುವವನೂ ತಾನೇ ಆಗಬೇಕಾಗಿರುವ
ಪ್ಲಾಸ್ಟರ್ ಕೋಣೆಯ ನೌಕರ